ಹಾಡಿನೊಳಗೆ ಬರೆದ ಹೆಸರು

ಹುಮನಾಬಾದ್ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯ ಮೆಟ್ಟಿಲನ್ನು ಗಜಾಲಾ, ಮುದುಕಿ ಗಯಾಬಾಯಿಯ ಕೈ ಹಿಡಿದು ಹತ್ತಿದಾಗ ಸ್ಪೀಕರಿನಲ್ಲಿ ಗಯಾಬಾಯಿಯ ದನಿಯೇ ಮೊಳಗುತ್ತಿತ್ತು. ಮಾರಾಟಕ್ಕಿಟ್ಟ ಪೆನ್‌ಡ್ರೈವಿನ ಪೊಟ್ಟಣದ ಮೇಲೆ ಮಾತ್ರ ‘ಶೈಲೇಶ ಮತ್ತು ಸಂಗಡಿಗರು’ ಎಂದಿತ್ತು.

ಮುಡಬಿಯ ಗಯಾಬಾಯಿ ಬೀಸುಕಲ್ಲಿನ ಮುಂದೆ ಬೀಸುವ ಪದ ಹಾಡಿದರೆ, ಕೊನೆಗೆ ಅದನ್ನು ತನಗೆ ಕಲಿಸಿದವಳ ಹೆಸರು ಹೇಳಿಯೇ ಮುಗಿಸುವಳು. ಹೇಳದಿದ್ದರೆ ಹಾಡು ಕದ್ದಂತೆ ಎಂಬುದು ಅವರ ಮನೆಯ ಹೆಂಗಸರ ಕಟ್ಟಳೆ. ಬಸವಕಲ್ಯಾಣದಲ್ಲಿ ಕಂಪ್ಯೂಟರ್ ಕಲಿಸುವ ಗಜಾಲಾ ಆ ಪದಗಳನ್ನು ಧ್ವನಿಮುದ್ರಿಸಿಕೊಂಡು, ಪ್ರತಿ ಫೈಲಿನೊಳಗೂ ಹಾಡಿದವಳ, ಕಲಿಸಿದವಳ ಹೆಸರನ್ನು ಟಿಪ್ಪಣಿಯಾಗಿ ಬರೆದಿಟ್ಟಿದ್ದಳು. ಅವುಗಳ ಪ್ರತಿಯಿದ್ದ ಮೊಬೈಲನ್ನು ಗಯಾಬಾಯಿಯ ಸೊಸೆ ರಿಪೇರಿಗೆ ಕೊಟ್ಟಾಗ ಈ ಅಂಗಡಿಯ ಶೈಲೇಶ ಎಲ್ಲವನ್ನೂ ಇಳಿಸಿಕೊಂಡ. ಕೊನೆಯ ಮಾತು ಕತ್ತರಿಸಿದ, ಹಾಡಿದವರ ಹೆಸರು ಬದಲಿಸಿದ.

“ನಮ್ಮ ಸಂಗೀತ ಪಾರ್ಟಿ ಹಾಡ್ರೀ ಮೇಡಂ ಇವು,” ಎಂದ ಶೈಲೇಶ. “ಹಚ್ಚಿ ನೋಡ್ರಿ, ಮೊಬೈಲ್‌ದಾಗ ನನ್ನ ಹೆಸರೇ ಬರ್ತದ.” ಹಾಗೆನ್ನುತ್ತಲೇ, ಬೆವರುತ್ತಿದ್ದ ಗಯಾಬಾಯಿಗೆ ಸ್ಟೂಲು ಕೊಟ್ಟು ಫ್ಯಾನನ್ನು ಅವಳತ್ತ ತಿರುಗಿಸಿದ. ಗಜಾಲಾ ಅದನ್ನು ಗಮನಿಸಿದಳು. ಆದರೂ ಲ್ಯಾಪ್‌ಟಾಪ್ ತೆರೆದಳು.

“ನಿಮ್ಮದೇ ಒಂದು ಪೆನ್‌ಡ್ರೈವ್ ಕೊಡ್ರಿ. ಎಲ್ಲಾರ ಮುಂದೇ ನೋಡೂಣು.”

ಪೈಥಾನ್ ಭಾಷೆಯಲ್ಲಿ ಹತ್ತೇ ಸಾಲಿನ ಪ್ರೋಗ್ರಾಂ. ಹಾಡನ್ನು ನುಡಿಸದೆ, ಫೈಲನ್ನು ಬರಿಯ ಬೈಟುಗಳಾಗಿ ತೆರೆದು, ದನಿ ಶುರುವಾಗುವ ಮೊದಲು ಅಡಗಿರುವ, ಮೊಬೈಲು ತೋರಿಸದ ಅಕ್ಷರಗಳನ್ನೂ ಓದುವ ಕೆಲಸ. ಎಂಟರ್ ಒತ್ತಿದಳು. ಪರದೆಯ ತುಂಬ ಚುಕ್ಕೆ, ಚೌಕ, ಗೀಟು.

“ಇದೇನ್ರೀ, ಇರುವಿ ಓಡ್ಯಾಡಿದಂಗ!” ಎಂದು ಪೆನ್‌ಡ್ರೈವಿಗೆ ಹಾಡು ತುಂಬಿಸಿಕೊಳ್ಳಲು ನಿಂತಿದ್ದ ಆಟೊ ಓಡಿಸುವ ದಿಗಂಬರ ನಕ್ಕ.

“ಸಾಕ್ರಿ ಮೇಡಂ,” ಎಂದ ಶೈಲೇಶ. “ಗಿರಾಕಿ ಕಾಯಾಕತ್ತಾರ.”

“ಕಾಯಲಿ. ನಾವೂ ಕಾಯಾಕತ್ತೀವಿ.”

ಗಜಾಲಾಗೆ ತಪ್ಪು ಹೊಳೆಯಿತು. ಈ ಫೈಲಿನಲ್ಲಿ ಎರಡೆರಡು ಬೈಟು ಸೇರಿಸಿ ಓದಬೇಕಾದ ಕನ್ನಡವನ್ನು ಇಂಗ್ಲಿಷಿನಂತೆ ಒಂದೊಂದೇ ಬೈಟಾಗಿ ಓದಿಸಿದ್ದಳು. ಒಂದು ಸಾಲು ತಿದ್ದಿ ಮತ್ತೆ ಒತ್ತಿದಳು.

ದಿಗಂಬರ ಕತ್ತು ಚಾಚಿ ಗಟ್ಟಿಯಾಗಿ ಓದಿದ: “ಹಾಡಿದವರು ಗಯಾಬಾಯಿ, ಮುಡಬಿ. ಕಲಿಸಿದವರು ನೆರೆಮನೆಯ ಮುನ್ನಿ ಬೀ.” ಆಮೇಲೆ ತಿರುಗಿ, “ಶೈಲೇಶಣ್ಣಾ, ನಿಮ್ಮ ಪಾರ್ಟಿದಾಗ ಈ ಮುನ್ನಿ ಬೀ ಯಾರ್ರೀ? ತಬಲಾ ಹೊಡೀತಾರೇನು?”

ಶೈಲೇಶ ಸ್ಪೀಕರ್ ಆರಿಸಿದ. “ಆಗಿದ್ದು ಆತು ಆಯಿ. ಇನ್ನ ಮ್ಯಾಲ ನಿಮ್ಮ ಹೆಸರೂ ಹಾಕ್ತೀನ್ರಿ. ನನ್ನ ಹೆಸರಿನ ಕೆಳಗ.”

ಗಯಾಬಾಯಿ ಸ್ಟೂಲಿನಿಂದಲೇ ಮುಂದಕ್ಕೆ ಬಾಗಿದಳು.

“ನೀ ಯಾವಾಗ ಬೀಸಿದ್ಯೋ ಯಪ್ಪಾ?” ಎಂದಳು. “ನಿನ್ನ ಹೆಸರು ತಗಿ. ಕಲಿಸಿದ ಮುನ್ನಿ ಬೀ ಹೆಸರು ಹಾಕು, ನಮ್ಮತ್ತಿ ಹೆಸರು ಹಾಕು. ಇಪ್ಪತ್ತೆರಡು ಹಾಡು. ಒಂದೊಂದೇ ಹೇಳ್ತೀನಿ, ಬರಿ.”

“ನಾಳಿ ಮಾಡ್ತೀನಲ್ರಿ.”

“ಇವತ್ತೇ.”

ಎದುರಿಗೆ ಅವರು ಹಿಂದಿರುಗಬೇಕಿದ್ದ ಬಸವಕಲ್ಯಾಣದ ಬಸ್ಸು ಹಾರ್ನ್ ಹೊಡೆಯಿತು. ಗಜಾಲಾ ಮುದುಕಿಯ ಮುಖ ನೋಡಿದಳು.

“ಬಸ್ಸು ಹೋಗ್ಲಿ ಬಿಡು ಬೇಟಿ,” ಎಂದು ಗಯಾಬಾಯಿ ಸ್ಟೂಲನ್ನು ಕೌಂಟರಿನ ಹತ್ತಿರಕ್ಕೆ ಎಳೆದುಕೊಂಡಳು.

ಶೈಲೇಶ ಮಾರಾಟದ ಪೊಟ್ಟಣಗಳನ್ನು ಬದಿಗೆ ಸರಿಸಿದ. ಆಮೇಲೆ ಕೀಬೋರ್ಡ್ ಮುಂದಕ್ಕೆಳೆದುಕೊಂಡು, “ಹೇಳ್ರಿ ಆಯಿ,” ಎಂದ.