ಒರೆಸದ ಗಾಜು

ಲ್ಯುಬ್ಲಿಯಾನಾದ ನಮ್ಮ ದ್ರವಸ್ಫಟಿಕದ ಪ್ರಯೋಗಾಲಯಕ್ಕೆ ನಾನು ಸೇರಿದಾಗ ಮಿಲೋಯ್ಕಾ ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಜಿನ ತಟ್ಟೆಗಳನ್ನು ತಯಾರಿಸುತ್ತಿದ್ದರು. ಕ್ಯಾಲ್ಕುಲೇಟರಿನ ಪರದೆಯೊಳಗೆ ಇರುತ್ತದಲ್ಲ, ಆ ದ್ರವ ನಮ್ಮದು. ಅದರ ಅಣುಗಳು ಕಡ್ಡಿಗಳ ಹಾಗೆ ಒಂದೇ ದಿಕ್ಕಿಗೆ ಮಲಗಿದರೆ ಮಾತ್ರ ಪರದೆ ಕೆಲಸಕ್ಕೆ ಬರುತ್ತದೆ. ಮಲಗಿಸುವ ಹಳೆಯ ಉಪಾಯವೆಂದರೆ, ಗಾಜಿಗೆ ತೆಳ್ಳಗೆ ಪಾಲಿಮರ್ ಬಳಿದು ಮಖಮಲ್ಲಿನಿಂದ ಒಂದೇ ದಿಕ್ಕಿಗೆ ಉಜ್ಜುವುದು. ಅದರಲ್ಲಿ ಮಿಲೋಯ್ಕಾ ಅವರದು ಎತ್ತಿದ ಕೈ.

ಉಜ್ಜಿದರೆ ಧೂಳು ಏಳುತ್ತದೆ, ಗಾಜು ಹಾಳಾಗುತ್ತದೆ. ಅದಕ್ಕೆ ಬದಲಾಗಿ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಗೀರುಗಳಿರುವ ಅಚ್ಚನ್ನು ಪಾಲಿಮರಿನ ಮೇಲೆ ಒತ್ತಬೇಕು, ಅಣುಗಳು ಆ ಗೀರುಗಳ ಉದ್ದಕ್ಕೂ ತಾವೇ ಮಲಗುತ್ತವೆ ಎಂಬುದು ನನ್ನ ವಾದ. ನಾನು ಸಿದ್ಧಪಡಿಸಿದ ಗಾಜುಗಳಲ್ಲಿ ಮಲಗಿದವು. ಅದೇ ಅಚ್ಚು ಒತ್ತಿ ಮಿಲೋಯ್ಕಾ ಸಿದ್ಧಪಡಿಸಿದವುಗಳಲ್ಲಿ ಚೆಲ್ಲಾಪಿಲ್ಲಿ.

ಒಂದು ಮಧ್ಯಾಹ್ನ ಅವರು ಕೈಗವಸು ಕಳಚುತ್ತಾ ಕೇಳಿದರು. "ಇಸ್ತೋಕ್, ನಿಂದು ಬರ್ತಿದೆ, ನಂದು ಬರ್ತಿಲ್ಲ. ಯಾಕೆ ಹೇಳು?"

"ನೀವೇ ಹೇಳಿ."

"ಅಚ್ಚು ಒತ್ತಿ ತೊಳೆದ ಮೇಲೆ ನಾನು ಗಾಳಿ ಊದಿ ಒಣಗಿಸ್ತೀನಿ. ನೀನು ಅವಸರಕ್ಕೆ ಕಾಗದದಲ್ಲಿ ಒರೆಸ್ತೀಯ. ಒರೆಸೋದು ಅಂದ್ರೂ ಉಜ್ಜೋದೇ ಅಲ್ವೇನೋ?"

"ಮೆತ್ತಗೆ ಒಂದ್ಸಲ ಒರೆಸಿದ್ರೆ ಏನಾಗತ್ತೆ, ಬಿಡಿ."

"ಏನಾಗತ್ತೆ ಅಂತ ನನ್ನ ಕೇಳ್ತೀರಾ ಡಾಕ್ಟ್ರೇ? ಇಪ್ಪತ್ತಾರು ವರ್ಷ ಇಲ್ಲಿ ನಾನೇನು ಪಾತ್ರೆ ತಿಕ್ತಿದ್ನಾ? ಅಚ್ಚು ಒತ್ತದಿರೋ ಬೋಳು ಗಾಜು ಒಂದನ್ನ ಹಾಗೇ ಒರೆಸಿ ನೋಡು. ಅರ್ಧ ದಿನದ ಕೆಲಸ."

ನೋಡಲಿಲ್ಲ. ಸಮ್ಮೇಳನಕ್ಕೆ ಹತ್ತು ದಿನ ಉಳಿದಿತ್ತು. ನೋಡಿದರೆ ಏನು ಕಂಡೀತೋ ಎಂಬ ಅಳುಕೂ ಇತ್ತು; ಆಗ ಅದನ್ನು ಒಪ್ಪಿಕೊಂಡಿರಲಿಲ್ಲ ಅಷ್ಟೆ. ಅರ್ಧದಷ್ಟು ಗಾಜು ಯಾಕೆ ಕೆಟ್ಟಿತೆಂದು ಮುಖ್ಯಸ್ಥರಾದ ಬೊಗೊಮಿರ್ ಕೇಳಿದಾಗ, "ಅವು ಮಿಲೋಯ್ಕಾ ಮಾಡಿದ್ದು ಸರ್. ಸರಿಯಾಗಿ ಶುಚಿ ಮಾಡ್ತಿಲ್ಲ" ಎಂದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅವಳಿಗೂ ವಯಸ್ಸಾಯ್ತು ಅನ್ಸತ್ತೆ" ಎಂದರು.

ಮಿಲೋಯ್ಕಾ ಅವರನ್ನು ಉಗ್ರಾಣಕ್ಕೆ ಹಾಕಿದರು. ನಾಲ್ಕು ತಿಂಗಳಲ್ಲಿ ಅವರು ಅವಧಿಗೆ ಮೊದಲೇ ನಿವೃತ್ತಿ ಪಡೆದರು. ಕೊನೆಯ ದಿನ ಆಕ್ರೋಡು ತುಂಬಿ ಸುತ್ತಿದ ಸಿಹಿರೊಟ್ಟಿ, ಪೊತಿತ್ಸಾ, ಮಾಡಿ ತಂದು ಎಲ್ಲರಿಗೂ ಹಂಚಿದರು. ನನಗೂ ಒಂದು ತುಂಡು ಕೊಟ್ಟರು, ಮುಖ ನೋಡದೆ.

ನನ್ನ ಲೇಖನಕ್ಕೆ ಹೊಗಳಿಕೆ ಬಂತು. ಮೂರು ವರ್ಷದ ನಂತರ ಪೋಲೆಂಡಿನವರೊಬ್ಬರು, ಎಷ್ಟು ಮಾಡಿದರೂ ನಿಮ್ಮ ಫಲಿತಾಂಶ ಬರುತ್ತಿಲ್ಲ ಎಂದು ಬರೆದರು. ನಿಮ್ಮ ಅಚ್ಚು ಸರಿಯಿಲ್ಲವೆಂದು ಉತ್ತರಿಸಿದೆ. ಆ ಚಳಿಗಾಲ ಬೊಗೊಮಿರ್ ತೀರಿಕೊಂಡರು. ವಸಂತದಲ್ಲಿ ಪೋಲೆಂಡಿನಿಂದ ಎರಡನೆಯ ಪತ್ರ ಬಂತು.

ಆ ದಿನ ಬಾಗಿಲು ಹಾಕಿಕೊಂಡು ಬೋಳು ಗಾಜೊಂದನ್ನು ಕಾಗದದಿಂದ ಒರೆಸಿ, ದ್ರವ ತುಂಬಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ತಿರುಗಿಸಿದೆ. ಇಡೀ ಗಾಜು ಒಟ್ಟಿಗೇ ಕಪ್ಪಾಯಿತು, ಒಟ್ಟಿಗೇ ಬೆಳಗಿತು, ಮತ್ತೆ ಕಪ್ಪಾಯಿತು. ಅಣುಗಳೆಲ್ಲ ನನ್ನ ಕೈ ಹೋದ ದಿಕ್ಕಿಗೇ ಮಲಗಿದ್ದವು. ನನ್ನ ಅಚ್ಚಿನ ಗೀರುಗಳಿಗೆ ಅವನ್ನು ಹಿಡಿದಿಡುವಷ್ಟು ಆಳವೇ ಇರಲಿಲ್ಲ. ಅದನ್ನು ಸರಿಯಾಗಿ ತೋರಿಸಿದ್ದು ಮಿಲೋಯ್ಕಾ ಅವರ ಗಾಜುಗಳು ಮಾತ್ರ.

ಲೇಖನ ಹಿಂತೆಗೆದುಕೊಂಡೆ. ತಪ್ಪು ನನ್ನದು, ಅವರ ಗಾಜುಗಳೇ ಸರಿ ಎಂದು ಅವರ ಹೆಸರು ಹಾಕಿ ಪ್ರಕಟಿಸಿ, ಆ ಹಾಳೆ ಹಿಡಿದು ಅವರ ಊರು ಶ್ಕೋಫ್ಯಾ ಲೋಕಾಕ್ಕೆ ಹೋದೆ. ಮಿಲೋಯ್ಕಾ ಅಂಗಳದಲ್ಲಿ ಬೀನ್ಸ್ ಬಿಡಿಸುತ್ತಿದ್ದರು. ನಿಧಾನವಾಗಿ ಓದಿದರು.

"ಚೆನ್ನಾಗಿ ಬರ್ದಿದೀಯ" ಎಂದರು. "ಬೊಗೊಮಿರ್ ಓದಿದ್ರಾ?"

"ಅವರು ಹೋಗಿ ಐದು ತಿಂಗಳಾಯ್ತು. ನಿಮಗೆ ಯಾರೂ..."

"ಗೊತ್ತು. ಮಣ್ಣಿಗೆ ಹೋಗಿದ್ದೆ, ಹಿಂದೆ ನಿಂತಿದ್ದೆ. ಇದನ್ನ ಬರೆದದ್ದು ಯಾವಾಗ ಅಂತ ನಂಗೆ ಗೊತ್ತಿರಲಿಲ್ಲ, ಅದಕ್ಕೆ ಕೇಳ್ದೆ."

"ಕ್ಷಮಿಸಿ, ಮಿಲೋಯ್ಕಾ."

"ನನ್ನದೇನೋ ಆಗೋಯ್ತು. ಆದ್ರೆ ಕೊಳಕು ಕೆಲಸದವಳು ಅಂದ್ಕೊಂಡೇ ಹೋದ್ರಲ್ಲ ಅವ್ರು. ಅವ್ರಿಗೆ ಹೇಳ್ಬೇಕಿತ್ತು ಕಣೋ."

ಮೊದಲ ಪತ್ರ ಬಂದಾಗ ಬೊಗೊಮಿರ್ ಪಕ್ಕದ ಕೋಣೆಯಲ್ಲೇ ಇದ್ದರು ಎನ್ನಲು ನನಗೆ ಬಾಯಿ ಬರಲಿಲ್ಲ. ಮಿಲೋಯ್ಕಾ ಹಾಳೆಯನ್ನು ಮಡಿಸಿ ನನಗೇ ವಾಪಸು ಕೊಟ್ಟು, ಬೀನ್ಸ್ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.