ಎರಡು ಅಳತೆಗಳ ನಡುವೆ

ಸಾಗರದ ಬಸ್ಸು ಹಿಂದಕ್ಕೆ ತಿರುಗುತ್ತಿದೆ, ರೈಟ್ ರೈಟ್, ಅದರ ನೆರಳು ಹೊಸನಗರ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹಾದು ನನ್ನ ಪಕ್ಕದ ಬಾಟಲಿಯನ್ನು ಮುಚ್ಚಿ ಮತ್ತೆ ಬಿಡುತ್ತದೆ, ಮೇಲೆ ತಿಳಿನೀರು, ತಳದಲ್ಲಿ ಉಗುರಿನಷ್ಟು ದಪ್ಪದ ಕೆಂಪು — ಗಂಟೆಯ ಹಿಂದೆ ಇದೇ ನೀರು ಚಹಾದ ಹಾಗಿತ್ತು, ಕೆರೆ ಏರಿಯ ಬುಡದಲ್ಲಿ ಒಸರುವ ಕಡೆ ಕೆರಿಯಪ್ಪ ಹಿಡಿದು ಕೊಟ್ಟಾಗ, ಇಪ್ಪತ್ತು ವರ್ಷದಿಂದ ಏರಿ ಕಾಯುವವನು, ದಿನಾ ಬೆಳಿಗ್ಗೆ ಒಂದು ಬಾಟಲಿ ಹಿಡಿದು ಬಿಸಿಲಿಗೆ ಎತ್ತಿ ನೋಡುವವನು, ಏರಿ ನೀರು ಬಿಟ್ರೆ ಬಿಡ್ಲಿ ಮೇಡಂ, ಮಣ್ಣು ಬಿಡ್ಬಾರ್ದು. ಹೋದ ತಿಂಗಳೂ ಒಂದು ಕೊಟ್ಟಿದ್ದ, ಅದು ಸಾಗರದಲ್ಲಿ ನನ್ನ ಮೇಜಿನ ಮೇಲೆ ಎರಡು ದಿನ ಕೂತಿತ್ತು, ಮೂರನೆಯ ದಿನ ಅಲ್ಲಾಡಿಸದೆ ಮೇಲಿನದನ್ನಷ್ಟೇ ಬಗ್ಗಿಸಿ ಅಳೆದೆ, ಮಣ್ಣು ಸೊನ್ನೆ, ಆ ಸೊನ್ನೆಯನ್ನೇ ಕಂಪ್ಯೂಟರಿಗೆ ಕೊಟ್ಟೆ. ಇವತ್ತು ಹೇಳಿದರೆ ಕೆರಿಯಪ್ಪ ನಕ್ಕ, ಅಲ್ಲಾಡ್ಸೇ ಇಲ್ವಾ, ನಮ್ಮನೇಲಿ ಮಜ್ಜಿಗೆಗೂ ಅಷ್ಟು ಮರ್ಯಾದೆ ಕೊಡ್ತೀವಿ, ಆಮೇಲೆ ನಗಲಿಲ್ಲ. ಕೆರೆ ತುಂಬಿದರೆ ಏರಿ ತಡೆಯುತ್ತದೆಯೇ ಎಂಬ ಲೆಕ್ಕವೇನೋ ಚೆನ್ನಾಗಿತ್ತು, ಎರಡು ಮಿಲಿಮೀಟರಿನ ಮಣ್ಣಿನ ತುಣುಕು, ಅದರೊಳಗೆ ಒಂದೊಂದು ಕಣ, ಕಣಗಳ ಸಂದಿನಲ್ಲಿ ಹರಿಯುವ ನೀರು, ಅದೆಲ್ಲದರ ಸರಾಸರಿ ತೆಗೆದು ನಾನೂರು ಮೀಟರಿನ ಏರಿಗೆ ಹೊದಿಸಿದ್ದೆ, ಅರ್ಧರ್ಧ ಮೀಟರಿನ ಚೌಕಗಳಾಗಿ, ಎಲ್ಲ ಚೌಕವೂ ನೀಲಿ ಬಂತು, ನೀಲಿ ಎಂದರೆ ಕ್ಷೇಮ — ಆದರೆ ಏರಿಯೊಳಗೆ ಬೆರಳು ಹೋಗುವಷ್ಟು ಒಂದು ತೂತು, ತುಣುಕಿಗೆ ಅದು ತೀರ ದೊಡ್ಡದು, ಚೌಕಕ್ಕೆ ತೀರ ಸಣ್ಣದು, ಎರಡು ಅಳತೆಗಳ ನಡುವೆ ಸುಮ್ಮನೆ ಕೂತು ಮಣ್ಣು ತಿನ್ನುತ್ತದೆ, ಆ ಸೊನ್ನೆ ಸೊನ್ನೆಯಾಗಿರದಿದ್ದರೆ ಅದನ್ನು ಹುಡುಕುತ್ತಿದ್ದೆ. ಏರಿಯ ಕೆಳಗೆ ಏಳು ಮನೆ, ಮೊದಲನೆಯದು ಕೆರಿಯಪ್ಪನ ಅಕ್ಕ ಹುಲಿಯಮ್ಮನದು, ಹೋದ ವಾರ ಕೇಳಿದ್ದಳು, ಕಂಪ್ಯೂಟ್ರು ಏನಂತು ಮಗಾ, ಏನೂ ಆಗಲ್ಲವಂತೆ ಅಮ್ಮ, ಹಂಗಾರೆ ಹೊಸ ಒಲೆ ಹಾಕ್ತೀನಿ ಅಂದಳು, ಇವತ್ತು ನೋಡಿದೆ, ಬಾಗಿಲಲ್ಲಿ ಹಸಿ ಒಲೆ, ಅದೇ ಕೆಂಪು. ನಾಲ್ಕಕ್ಕೆ ತೂಬು ಮುಚ್ಚುತ್ತಾರೆ, ನನ್ನ ವರದಿ ನಂಬಿ, ಎರಡೇ ದಿನಕ್ಕೆ ಕೆರೆ ತುಂಬುತ್ತದೆ. ಏರಿಯ ಹತ್ತಿರ ಫೋನಿಗೆ ಸಿಗ್ನಲ್ ಇರಲಿಲ್ಲ, ಇಲ್ಲಿ ಇದೆ, ಬಂದು ಹತ್ತು ನಿಮಿಷವಾಯಿತು, ನಾನು ಯಾವತ್ತೂ ಹೀಗೇ, ಮಾತು ತಾನಾಗಿ ತಳಕ್ಕಿಳಿಯಲಿ ಎಂದು ಕಾಯುತ್ತೇನೆ, ಬಸ್ಸು ಹೊರಟಿತು, ಹೋಗಲಿ. ಫೋನ್ ಒತ್ತಿದೆ, ಆಚೆ ರಿಂಗ್ ಆಗುತ್ತಿದೆ. ಹೇಳಮ್ಮಾ, ತೂಬು ಮುಚ್ಚಿಸುವ ಎಂಜಿನಿಯರ್ ಉಮೇಶರ ದನಿ, ಜೀಪ್ ಹತ್ತಿದೀನಿ, ಮುಂದಿನ ತಿರುವಲ್ಲಿ ಕಟ್ಟಾಗತ್ತೆ, ಬೇಗ. ತೂಬು ಮುಚ್ಚಬೇಡಿ ಸರ್. ಯಾಕಮ್ಮಾ, ನೀವೇ ಅಲ್ವಾ ಎಲ್ಲಾ ನೀಲಿ ಅಂದಿದ್ದು. ನನ್ನ ವರದಿ ತಪ್ಪು ಸರ್, ನೀರು ಇಳಿಸಿ, ಆ ಏಳು ಮನೆಯವರನ್ನ ಮೇಲೆ ಕರ್ಕೊಳ್ಳಿ. ಜೀಪಿನ ಸದ್ದು ನಿಂತಿತು. ತಪ್ಪು ಅಂದ್ರೆ, ಎಷ್ಟು ತಪ್ಪು? ಎಷ್ಟು — ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದಿದ್ದೇನೆ, ಅಲ್ಲಾಡಿಸದೆ, ಉಗುರಿನಷ್ಟು, ತಳದಲ್ಲಿ, ಕೆಂಪು