ನಾಲ್ಕನೆಯ ದಾರ

"ಇದು ಕಂಪ್ಯೂಟರ್ ಲೆಕ್ಕ ಮೇಡಂ, ಅದಕ್ಕೆ ಜಾತಿ ಗೊತ್ತಿಲ್ಲ," ಎಂದು ವನಜಾಕ್ಷಿಗೆ ಹೇಳುತ್ತ ನವೀನ್ ಕುಮಾರ್ ಲ್ಯಾಪ್‌ಟಾಪನ್ನು ಗ್ರಾಮಸಭೆಯ ಕಡೆ ತಿರುಗಿಸಿದ.

ಸಿರಾದಿಂದ ಬಂದಿದ್ದ ಎಂಜಿನಿಯರ್ ಅವನು. ಊರು, ಹಟ್ಟಿ, ಪಾಳ್ಯ, ಕಾಲೋನಿ ಎಲ್ಲಕ್ಕೂ ಸೇರಿ ಒಂದೇ ಶುದ್ಧ ನೀರಿನ ಘಟಕ ಮಂಜೂರಾಗಿತ್ತು. ಎಲ್ಲ ಮನೆಯವರೂ ನೀರಿಗೆ ನಡೆಯುವ ದೂರವನ್ನು ಕೂಡಿಸಿದರೆ ಮೊತ್ತ ಎಲ್ಲಿ ಅತಿ ಕಡಿಮೆಯಾಗುತ್ತದೋ ಅಲ್ಲಿ ಕಟ್ಟುವುದೆಂದು ತೀರ್ಮಾನ. ಪರದೆಯ ಕೆಂಪು ಚುಕ್ಕೆ ಊರ ನಡುವಿನ ದೇವಸ್ಥಾನದ ಅಂಗಳದಲ್ಲಿ ಬಿದ್ದಿತ್ತು.

ವನಜಾಕ್ಷಿ ದಲಿತರ ಕಾಲೋನಿಯವಳು, ಮಧುಗಿರಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಪಂಚಾಯಿತಿ ಗೋಡೆಯ ಮೇಲೆ ನಕ್ಷೆ ಅಂಟಿಸಿದ ದಿನವೇ ಲೆಕ್ಕ ಹಾಕಿ ನೋಡಿದ್ದಳು. ಚುಕ್ಕೆಯ ಜಾಗಕ್ಕೆ ತಾಳೆಯಾಗಿರಲಿಲ್ಲ.

"ಇದ್ರಲ್ಲಿ ನಮ್ಮ ಕಾಲೋನಿ ಎಲ್ಲೈತೆ?"

ನವೀನ್ ಪಟ್ಟಿಯಲ್ಲಿ ಹುಡುಕಿದ. ಊರು, ಹಟ್ಟಿ, ಪಾಳ್ಯ ಎಂದು ಮೂರೇ ಹೆಸರಿದ್ದವು. ಉತ್ತರ ಕೊಟ್ಟವನು ಪಟ್ಟಿ ಬರೆಸಿದ್ದ ಮೆಂಬರ್ ಭೀಮರಾಜು.

"ಕಾಲೋನಿ ಅರವತ್ತು ಮನೇನೂ ಊರಿನ ಲೆಕ್ಕಕ್ಕೇ ಸೇರ್ಸಿದೀವಿ ಕಣಮ್ಮ. ಬ್ಯಾರೆ ಯಾಕ್ ಮಾಡಾನ? ಎಲ್ರೂ ಒಂದೇ ಅಲ್ವಾ?"

ವನಜಾಕ್ಷಿ ತಾನು ತಂದಿದ್ದ ಹಲಗೆಯನ್ನು ಎರಡು ಸ್ಟೂಲುಗಳ ನಡುವೆ ಇಟ್ಟಳು. ಅದರ ಮೇಲೆ ನಕ್ಷೆ ಬರೆದು, ನಾಲ್ಕು ಜಾಗಕ್ಕೂ ಒಂದೊಂದು ತೂತು ಕೊರೆದಿದ್ದಳು. ನಾಲ್ಕು ದಾರಗಳ ಒಂದೊಂದು ತುದಿ ಸೇರಿಸಿ ಹಲಗೆಯ ಮೇಲೆ ಒಂದೇ ಗಂಟು. ಇನ್ನೊಂದು ತುದಿ ಒಂದೊಂದು ತೂತಿನಿಂದ ಕೆಳಗೆ ಇಳಿದಿತ್ತು. ಹತ್ತು ಮನೆಗೆ ಒಂದು ಕಬ್ಬಿಣದ ನಟ್ಟು, ಭಾರ ಎಳೆದು ಗಂಟು ನಿಂತಲ್ಲೇ ನಡಿಗೆಯ ಮೊತ್ತ ಅತಿ ಕಡಿಮೆ ಎಂದು ಹೇಳಿ ಹಟ್ಟಿಯ ದಾರಕ್ಕೆ ನಾಲ್ಕು, ಪಾಳ್ಯಕ್ಕೆ ಮೂರು, ಊರಿಗೆ ಹದಿನೈದು ಕಟ್ಟಿದಳು. ಕೈಬಿಟ್ಟ ಕೂಡಲೇ ಗಂಟು ಸರ್ರನೆ ಹೋಗಿ ಊರಿನ ತೂತಿಗೆ ಕಚ್ಚಿಕೊಂಡಿತು.

"ನಿಮ್ಮ ಚುಕ್ಕೆ ಇದೇ ತಾನೆ ಸಾರ್?"

"ಹೌದು ಮೇಡಂ."

ಅವಳು ಬಗ್ಗಿ ಊರಿನ ದಾರದಿಂದ ಆರು ನಟ್ಟು ಬಿಚ್ಚಿದಳು.

"ಇವು ನಮ್ಮ ಮನೆಗಳು ಭೀಮರಾಜಣ್ಣ. ನಮ್ಮ ಭಾರಾನೇ ಹೊತ್ಕೊಂಡೋಗಿ ನಿಮ್ಮ ಅಂಗಳದಾಗೆ ಇಟ್ಟು, ನೀರು ನಮ್ಮಿಂದ ದೂರ ಎಳ್ಕೊಂಡಿದೀರಾ. ಎಣಿಸೋವಾಗ ಒಂದೇ ಅಂತೀರಲ್ಲ, ಆ ಅಂಗಳದಾಗೆ ನಮ್ಮವ್ವ ಬಿಂದಿಗೆ ಹಿಡ್ಕೊಂಡು ಬಂದ್ರೆ ಎಲ್ಲಿ ನಿಲ್ಲಿಸ್ತೀರಾ? ಅದನ್ನೂ ಹೇಳ್ಬುಡಿ."

ಭೀಮರಾಜು ಎದುರಿನ ಕುರ್ಚಿಗಳತ್ತ ನೋಡಿದ.

ನಾಲ್ಕನೆಯ ದಾರಕ್ಕೆ ಆರು ನಟ್ಟು ಬಿದ್ದವು. ಗಂಟು ಊರಿನ ತೂತಿನಿಂದ ಕಳಚಿ, ತುಸು ತೂಗಾಡಿ, ಹಟ್ಟಿ ದಾರಿ ಕವಲೊಡೆಯುವಲ್ಲಿ ನಿಂತಿತು. ಅಷ್ಟರಲ್ಲಿ ನವೀನ್ ಕೂಡ ಕಾಲೋನಿಯನ್ನು ಬೇರೆಯಾಗಿ ಸೇರಿಸಿದ್ದ. ಪರದೆಯ ಚುಕ್ಕೆಯೂ ಅಲ್ಲಿಗೇ ಬಂದಿತ್ತು. ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

"ಕೊಟ್ಟಿದ್ದನ್ನ ಹಂಗೇ ಹಾಕ್ಬಿಟ್ಟೆ ಮೇಡಂ. ಹೋಗಿ ನೋಡ್ಬೇಕಿತ್ತು. ಹಳೇದಕ್ಕೆ ನಾನು ಸೈನ್ ಹಾಕಲ್ಲ."

"ಅಂಗಾರೆ ಅವರ ಮನೆ ಮುಂದೇನೇ ಕಟ್ಸಿಕೊಡಿ," ಎಂದು ಭೀಮರಾಜು ಎದ್ದ.

"ನಮ್ಮನೆ ಮುಂದೆ ಬ್ಯಾಡ," ಎಂದಳು ವನಜಾಕ್ಷಿ. "ಗಂಟು ನಮ್ಮನೆಗೂ ಬಂದಿಲ್ಲ, ನೋಡಿ. ಎಲ್ಲಿ ನಿಂತೈತೋ ಅಲ್ಲಿ."

ಅಧ್ಯಕ್ಷೆ ಸರಸಮ್ಮ ನಡಾವಳಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ಕವಲುದಾರಿ ಎಂದು ಬರೆಸಿದರು.

ಸಂಜೆ ಸಭೆಯಿಂದ ಕಾಲೋನಿಗೆ ಹಿಂತಿರುಗುವಾಗ ಆ ಕವಲಿನಲ್ಲಿ ವನಜಾಕ್ಷಿಯ ತಾಯಿ ದಾಸಮ್ಮ ನಿಂತಳು. ಅಲ್ಲಿ ಏನೂ ಇರಲಿಲ್ಲ, ಒಂದಿಷ್ಟು ತಂಗಡಿ ಗಿಡ, ಮೇಕೆಗಳ ಹೆಜ್ಜೆ. ಅವಳು ಚಪ್ಪಲಿ ಬಿಟ್ಟು, ಅಂಗಾಲಿನಿಂದ ಮಣ್ಣನ್ನು ಮೆಲ್ಲಗೆ ಸಮ ಮಾಡತೊಡಗಿದಳು.